ಚಾಮರಾಜೇಂದ್ರ ಒಡೆಯರು ಮತ್ತು ಕುದುರೆಯ ಬಯಲು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನದ ಬಗ್ಗೆ ಬರೆದುಕೊಡಬೇಕೆಂದು ನಮ್ಮ ಸಮಾಜ ವಿಜ್ಞಾನದ ಮಾಸ್ತರು ಫೋನ್ ಮಾಡಿದಾಗ, ಭಟ್ಕಳದ ಹುಡುಗ ರಾಣಿ ಚೆನ್ನಭೈರಾದೇವಿಯ ಬಗ್ಗೆಯೋ ದಿನಕರ ದೇಸಾಯಿಯವರ ಬಗ್ಗೆಯೋ ಬರೆದಾನೆಂದು ಅವರು ಎಣಿಸಿದ್ದರು. ನಾನು ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಘಟ್ಟದ ಮೇಲಿನ ದೊರೆಗೂ ನಮ್ಮ ಶಾಲೆಗೂ ಏನು ಸಂಬಂಧ ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜೋಗದಲ್ಲಿ ಇಂದಿಗೂ ಶರಾವತಿಯ ಒಂದು ದಡಕ್ಕೆ ಮುಂಬಯಿ ಬಂಗಲೆ, ಇನ್ನೊಂದು ದಡಕ್ಕೆ ಮೈಸೂರು ಬಂಗಲೆ ಎಂಬ ಹೆಸರು ಉಳಿದಿದೆ. ನಮ್ಮ ಅಜ್ಜಂದಿರು ಆ ದೊರೆಯ ಪ್ರಜೆಗಳಾಗಿರಲಿಲ್ಲ. ಆದರೂ ಅವರ ಬಗ್ಗೆಯೇ ಬರೆಯುತ್ತೇನೆ ಎಂದೆ. ಅದಕ್ಕೆ ಕಾರಣ ಒಂದು ಬಯಲು.

ನಾನು ಬಿ.ಇ. ಓದಿದ್ದು ಮೈಸೂರಿನಲ್ಲಿ. ಕಡಲ ಮಗ್ಗುಲಿನಲ್ಲಿ ಬೆಳೆದವನಿಗೆ ಹಾಸ್ಟೆಲ್ಲಿನ ನಾಲ್ಕು ಗೋಡೆಯೊಳಗೆ ಉಸಿರು ಕಟ್ಟಿದಂತಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಅರ್ಧದಲ್ಲಿ ನಿಂತು ತಿರುಗಿ ನೋಡಿದರೆ ಕೆಳಗೆ ಒಂದು ದೊಡ್ಡ ಹಸಿರು ಬಯಲು ಕಾಣುತ್ತಿತ್ತು. ಅದರ ಸುತ್ತ ಬಿಳಿಯ ಬೇಲಿ. ಒಳಗೆ ಚುಕ್ಕಿಗಳಂತೆ ಓಡುವ ಕುದುರೆಗಳು. ಅದೇ ಮೈಸೂರಿನ ರೇಸ್ ಕೋರ್ಸ್. ನೂರಮೂವತ್ತಕ್ಕೂ ಹೆಚ್ಚು ಎಕರೆಯ ಆ ಜಾಗ ಯಾರದು ಎಂದು ನಾನು ಒಮ್ಮೆ ಕೇಳಿದೆ. ಗೆಳೆಯರಲ್ಲಿ ಒಬ್ಬ ಮಹಾರಾಜರದು ಎಂದ, ಒಬ್ಬ ಸರ್ಕಾರದ್ದು ಎಂದ, ಇನ್ನೊಬ್ಬ ಕ್ಲಬ್ಬಿನದು ಎಂದ. ಮೂವರೂ ಮೈಸೂರಿನವರೇ. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು ಚಾಮರಾಜೇಂದ್ರ ಒಡೆಯರು.

ಕುದುರೆಯ ವಿಷಯ ನಮ್ಮೂರಿಗೆ ಹೊಸತಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಿಜಯನಗರದ ಕಾಲದಲ್ಲಿ ಅರಬ್ ದೇಶದಿಂದ, ಹೊರ್ಮುಜಿನಿಂದ ಹಡಗುಗಳಲ್ಲಿ ಬಂದ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ ಮತ್ತು ಹೊನ್ನಾವರ ಮುಖ್ಯವಾದವು. ಇಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ಹೋಗುತ್ತಿದ್ದವು. ಅವನ್ನು ಕಟ್ಟುತ್ತಿದ್ದ ಜಾಗ ಯಾವುದು, ಓಡಿಸಿ ನೋಡುತ್ತಿದ್ದ ಬಯಲು ಯಾವುದು ಎಂದು ತೋರಿಸಲು ಇಂದು ನಮ್ಮಲ್ಲಿ ಒಂದು ಕಲ್ಲೂ ಇಲ್ಲ. ಊರಿನ ಹೆಸರನ್ನು ದೂರ ದೇಶಕ್ಕೆ ಮುಟ್ಟಿಸಿದ ವ್ಯಾಪಾರದ ಗುರುತು ಹೀಗೆ ಅಳಿಸಿಹೋಗಿದೆ. ಮೈಸೂರಿನ ಬಯಲು ಮಾತ್ರ ಇನ್ನೂ ಉಳಿದಿದೆ. ಅದು ಹೇಗೆ ಉಳಿಯಿತು ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಚಾಮರಾಜೇಂದ್ರರು ಹುಟ್ಟಿದ್ದು 1863ರ ಫೆಬ್ರವರಿ 22ರಂದು, ಬೆಟ್ಟದಕೋಟೆ ಅರಸು ಮನೆತನದಲ್ಲಿ. ತಂದೆ ಚಿಕ್ಕಕೃಷ್ಣರಾಜೇ ಅರಸು. ಆಗ ಮೈಸೂರಿನ ಸಿಂಹಾಸನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿದ್ದರೂ ಆಡಳಿತ ಅವರ ಕೈಯಲ್ಲಿರಲಿಲ್ಲ. 1831ರಲ್ಲಿ ಬ್ರಿಟಿಷರು ರಾಜ್ಯವನ್ನು ತಮ್ಮ ವಶಕ್ಕೆ ತೆಗೆದುಕೊಂಡು ಕಮಿಷನರುಗಳ ಮೂಲಕ ನಡೆಸುತ್ತಿದ್ದರು. ಮುಮ್ಮಡಿಯವರಿಗೆ ಪಟ್ಟಕ್ಕೆ ಬರುವ ಗಂಡುಮಗ ಇರಲಿಲ್ಲ. ಅವರ ನಂತರ ಮೈಸೂರು ಯಾರದು ಎಂಬ ಪ್ರಶ್ನೆ ಬೆಂಗಳೂರಿನಿಂದ ಲಂಡನ್ನಿನವರೆಗೆ ಕಾಗದಪತ್ರಗಳಲ್ಲಿ ಓಡಾಡುತ್ತಿತ್ತು. 1865ರ ಜೂನ್‌ನಲ್ಲಿ ವಯಸ್ಸಾದ ಮಹಾರಾಜರು ಎರಡು ವರ್ಷದ ಈ ಮಗುವನ್ನು ದತ್ತು ತೆಗೆದುಕೊಂಡರು. ಬ್ರಿಟಿಷ್ ಸರ್ಕಾರ ಮೊದಲು ಒಪ್ಪಲಿಲ್ಲ. 1867ರಲ್ಲಿ ಕೊನೆಗೂ ಒಪ್ಪಿತು. ಮರುವರ್ಷ ಮಾರ್ಚ್‌ನಲ್ಲಿ ಮುಮ್ಮಡಿಯವರು ತೀರಿಕೊಂಡರು. ಆ ಒಪ್ಪಿಗೆಯ ಕಾಗದ ಒಂದು ವರ್ಷ ತಡವಾಗಿದ್ದರೆ ಮೈಸೂರಿನ ಚರಿತ್ರೆ ಬೇರೆಯೇ ಆಗುತ್ತಿತ್ತೋ ಏನೋ. ಬಾಲಕನಿಗೆ 1868ರ ಸೆಪ್ಟೆಂಬರಿನಲ್ಲಿ ಪಟ್ಟವಾಯಿತು. ಅಂದರೆ ಈತ ಆಟವಾಡುವ ವಯಸ್ಸಿನಲ್ಲೇ ಒಂದು ಆಸ್ತಿ ವ್ಯಾಜ್ಯದ ಉತ್ತರವಾಗಿದ್ದ.

ಬಾಲಕನ ಶಿಕ್ಷಣಕ್ಕೆ ಕರ್ನಲ್ ಮ್ಯಾಲೆಸನ್ ಎಂಬ ಅಧಿಕಾರಿಯನ್ನು ಪೋಷಕರನ್ನಾಗಿ ನೇಮಿಸಿದರು. ಅರಮನೆಯಲ್ಲಿ ಒಬ್ಬನೇ ಕುಳಿತು ಪಾಠ ಕೇಳುವ ಬದಲು ಅರಸು ಮನೆತನದ ಬೇರೆ ಹುಡುಗರ ಜೊತೆ ಶಾಲೆಯಲ್ಲಿ ಓದುವ ಏರ್ಪಾಟಾಯಿತು. ಇಂಗ್ಲಿಷ್, ಕನ್ನಡ, ಲೆಕ್ಕ, ಚರಿತ್ರೆಗಳ ಜೊತೆಗೆ ಮೈದಾನದ ಆಟಗಳೂ ಇದ್ದವು. ಕುದುರೆ ಸವಾರಿ ಅವರಿಗೆ ಬಹಳ ಇಷ್ಟವಾದ ವಿದ್ಯೆ. ಕುದುರೆಯ ಮೇಲೆ ಕುಳಿತವನು ಲಗಾಮು ಎಳೆಯುವುದನ್ನಷ್ಟೇ ಅಲ್ಲ, ಎಲ್ಲಿ ಸಡಿಲಬೇಕೆಂಬುದನ್ನೂ ಕಲಿಯಬೇಕು. ಅವರ ಮುಂದಿನ ಆಡಳಿತವನ್ನು ಓದಿದಾಗ ನನಗೆ ಈ ಮಾತು ನೆನಪಾಗುತ್ತದೆ.

ಅವರು ಹದಿಹರೆಯದಲ್ಲಿದ್ದಾಗ ರಾಜ್ಯಕ್ಕೆ ದೊಡ್ಡ ಕಷ್ಟ ಬಂತು. 1876ರಿಂದ 1878ರವರೆಗಿನ ಬರ ಇಂದಿಗೂ ಹಳೆ ಮೈಸೂರಿನವರ ಮಾತಿನಲ್ಲಿದೆ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಖಜಾನೆ ಬರಿದಾಗಿ ಸಾಲ ತಲೆಯ ಮೇಲಿತ್ತು. ಅಂಥ ಹೊತ್ತಿನಲ್ಲಿ, 1881ರ ಮಾರ್ಚ್ 25ರಂದು, 18 ತುಂಬಿದ ಚಾಮರಾಜೇಂದ್ರರಿಗೆ ಬ್ರಿಟಿಷರು ಆಡಳಿತವನ್ನು ವಾಪಸು ಒಪ್ಪಿಸಿದರು. ಐವತ್ತು ವರ್ಷದ ನಂತರ ರಾಜ್ಯ ಮನೆತನಕ್ಕೆ ಮರಳಿ ಬಂದದ್ದು ಸಂಭ್ರಮದ ವಿಷಯವೇ. ಆದರೆ ಅದರ ಜೊತೆಗೆ ಕೊಟ್ಟ ದಸ್ತಾವೇಜನ್ನು ಓದಿದರೆ ಅದು ಗುತ್ತಿಗೆ ಪತ್ರದ ಹಾಗೆ ಕಾಣುತ್ತದೆ. ವರ್ಷಕ್ಕೆ ಕೊಡಬೇಕಾದ ಪೊಗದಿ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯಿಂದ 35 ಲಕ್ಷಕ್ಕೆ ಏರಿತು. ಬರದ ಸಾಲದ ಕಾರಣಕ್ಕೆ ಆ ಏರಿಕೆಯನ್ನು ಮಾತ್ರ ಕೆಲವು ವರ್ಷ ಮುಂದೂಡಿದರು. ಸೈನ್ಯ ಎಷ್ಟಿರಬೇಕು, ಯಾವ ಕಾನೂನು ಬದಲಿಸಬಾರದು ಎಂಬುದಕ್ಕೆಲ್ಲ ಷರತ್ತು. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಷರತ್ತು ಮುರಿದರೆ ರಾಜ್ಯವನ್ನು ಮತ್ತೆ ತೆಗೆದುಕೊಳ್ಳುವ ಹಕ್ಕೂ ಅವರದೇ. ಹೆಸರಿಗೆ ರಾಜ, ಕಾಗದದಲ್ಲಿ ಷರತ್ತಿಗೆ ಒಳಪಟ್ಟವನು.

ತನ್ನದಾಗಿಯೂ ಪೂರ್ತಿ ತನ್ನದಲ್ಲದ ಆಸ್ತಿಯನ್ನು ಮನುಷ್ಯ ಎರಡು ರೀತಿಯಲ್ಲಿ ನೋಡಬಹುದು. ಇರುವಷ್ಟು ದಿನ ಅನುಭವಿಸಿಬಿಡೋಣ ಎನ್ನಬಹುದು. ಇಲ್ಲವೇ ಮುಂದಿನವರಿಗಾಗಿ ಜೋಪಾನ ಮಾಡಬಹುದು. ಚಾಮರಾಜೇಂದ್ರರು ಎರಡನೆಯ ದಾರಿ ಹಿಡಿದರು. ದಿವಾನ ಸಿ. ರಂಗಾಚಾರ್ಲು ಅವರ ಸಲಹೆಯಂತೆ ಅದೇ 1881ರ ಅಕ್ಟೋಬರ್‌ನಲ್ಲಿ, ದಸರೆಯ ಹೊತ್ತಿಗೆ, ಮೈಸೂರು ಪ್ರಜಾಪ್ರತಿನಿಧಿ ಸಭೆ ಸೇರಿತು. ಮೊದಲ ಸಭೆಗೆ ಬಂದವರು 144 ಮಂದಿ. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೂ ರಾಜ್ಯದ ಜಮಾಖರ್ಚನ್ನು ರೈತರ, ವ್ಯಾಪಾರಿಗಳ ಎದುರು ಓದಿ ಹೇಳುವುದು ಆಗಿನ ಭಾರತದ ಸಂಸ್ಥಾನಗಳಲ್ಲಿ ಹೊಸ ಸಂಗತಿ. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ಕೆ. ಶೇಷಾದ್ರಿ ಅಯ್ಯರ್ ದಿವಾನರಾದರು. ರೈಲು ದಾರಿ ಬೆಂಗಳೂರಿನಿಂದ ಮೈಸೂರಿಗೆ ಬಂತು, ಇನ್ನೊಂದು ಕಡೆ ಹರಿಹರದವರೆಗೆ ಹೋಯಿತು. ಕೆರೆ, ರಸ್ತೆ, ಶಾಲೆಗಳ ಕೆಲಸ ನಡೆಯಿತು. ಸರಿಯಾದ ದಿವಾನರನ್ನು ಆರಿಸಿ, ಅವರ ಕೆಲಸಕ್ಕೆ ಅಡ್ಡ ಬಾರದೆ ಇರುವುದು ಇಪ್ಪತ್ತರ ಹರೆಯದ ದೊರೆಗೆ ಸುಲಭವಲ್ಲ.

ಹೆಣ್ಣುಮಕ್ಕಳ ಓದಿಗೆ ಅವರೂ ಮಹಾರಾಣಿ ಕೆಂಪನಂಜಮ್ಮಣ್ಣಿಯವರೂ ಆಶ್ರಯ ಕೊಟ್ಟರು. ಮೈಸೂರಿನ ಮಹಾರಾಣಿ ಶಾಲೆ ಬೆಳೆದದ್ದು ಹಾಗೆ. ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನೂ, ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ದಾಟಿದ ಗಂಡಸು ಮದುವೆಯಾಗುವುದನ್ನೂ ತಡೆಯುವ ಕಾನೂನು 1894ರಲ್ಲಿ ಬಂತು. ಇಂದಿನ ಕಣ್ಣಿಗೆ ಇದು ಸಣ್ಣ ಹೆಜ್ಜೆ. ಆಗ ಅದಕ್ಕೂ ವಿರೋಧವಿತ್ತು.

ಅವರಿಗೆ ಸಂಗೀತ, ನಾಟಕಗಳಲ್ಲೂ ಆಸಕ್ತಿಯಿತ್ತು. ಪಿಟೀಲು ನುಡಿಸುತ್ತಿದ್ದರು. ವೀಣೆ ಶೇಷಣ್ಣನವರು, ಸುಬ್ಬಣ್ಣನವರು ಆಸ್ಥಾನದಲ್ಲಿದ್ದರು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದದ್ದು ಇವರ ಆಶ್ರಯದಲ್ಲೇ. 1892ರಲ್ಲಿ ಮೈಸೂರಿಗೆ ಬಂದ ಸ್ವಾಮಿ ವಿವೇಕಾನಂದರನ್ನು ಆದರದಿಂದ ನಡೆಸಿಕೊಂಡರು. ಮುಂದೆ ಸ್ವಾಮೀಜಿಯವರು ಅಮೆರಿಕೆಗೆ ಹೋಗುವಾಗ ನೆರವಾದವರಲ್ಲಿ ಇವರೂ ಒಬ್ಬರು.

ಈಗ ಬಯಲಿನ ವಿಷಯಕ್ಕೆ ಬರುತ್ತೇನೆ. 1891ನೇ ಇಸವಿಯಲ್ಲಿ ಮೈಸೂರಿನಲ್ಲಿ ಎರಡು ಸಂಸ್ಥೆಗಳು ಶುರುವಾದವು. ಒಂದು, ಓಲೆಗರಿ ಗ್ರಂಥಗಳನ್ನು ಕೂಡಿಸಿ ಕಾಪಾಡುವ ಪ್ರಾಚ್ಯ ಗ್ರಂಥಾಲಯ. ಇನ್ನೊಂದು, ಮೈಸೂರು ರೇಸ್ ಕ್ಲಬ್. ಎರಡಕ್ಕೂ ಚಾಮರಾಜೇಂದ್ರರ ಆಶ್ರಯವಿತ್ತು. ಮರುವರ್ಷ, 1892ರಲ್ಲಿ, ಅರಮನೆಯ ಮೃಗಾಲಯ ಸಣ್ಣದಾಗಿ ಆರಂಭವಾಯಿತು. ಓದುವವರಿಗೆ ಒಂದು ಜಾಗ, ಪ್ರಾಣಿಗಳಿಗೆ ಒಂದು ಜಾಗ, ಕುದುರೆ ಓಡಲು ಒಂದು ಜಾಗ. ಆಗಿನ ಮೈಸೂರು ಚಿಕ್ಕ ಊರು. ಕೋಟೆಯಿಂದ ಸ್ವಲ್ಪ ದೂರ ಹೋದರೆ ಹೊಲ, ಕೆರೆ, ಹಳ್ಳಿ. ಚಾಮುಂಡಿ ಬೆಟ್ಟದ ಬುಡ ಪೂರ್ತಿ ಹಳ್ಳಿಗಾಡು. ಅಲ್ಲಿ ಇಷ್ಟು ದೊಡ್ಡ ಬಯಲು ಬಿಟ್ಟುಕೊಂಡದ್ದು ಆಗ ಯಾರಿಗೂ ಹೆಚ್ಚೆನಿಸಿರಲಿಕ್ಕಿಲ್ಲ. ಜಾಗಕ್ಕೆ ಬೆಲೆ ಬಂದ ಮೇಲೆಯೇ ಅದು ಯಾರದೆಂಬ ಪ್ರಶ್ನೆ ಏಳುವುದು.

ಮಕ್ಕಳು ಓದುವ ಸಂಚಿಕೆಯಾದ್ದರಿಂದ ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ರೇಸಿನ ಜೂಜಿನಲ್ಲಿ ಮನೆ ಹಾಳುಮಾಡಿಕೊಂಡವರನ್ನು ನಾನು ಬೆಂಗಳೂರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅದನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಕುದುರೆ ಓಡುವುದು ಬೇರೆ, ಅದರ ಮೇಲೆ ಹಣ ಕಟ್ಟುವುದು ಬೇರೆ, ಓಡಲು ಬಯಲು ಇರುವುದು ಬೇರೆ. ನನ್ನ ಮಾತು ಮೂರನೆಯದರ ಬಗ್ಗೆ.

1894ರ ಡಿಸೆಂಬರ್‌ನಲ್ಲಿ ಮಹಾರಾಜರು ಕಲ್ಕತ್ತೆಗೆ ಹೋಗಿದ್ದರು. ಅಲ್ಲಿ ಗಂಟಲಮಾರಿ ತಗುಲಿತು. ಆಗ ಅದಕ್ಕೆ ಇಂದಿನಂಥ ಲಸಿಕೆ ಇರಲಿಲ್ಲ. ಡಿಸೆಂಬರ್ 28ರಂದು ಅಲ್ಲೇ ತೀರಿಕೊಂಡರು. ವಯಸ್ಸು 31. ಈ ಸಾಲು ಬರೆಯುವಾಗ ನನ್ನ ಕೈ ನಿಂತಿತು. ನಾನು ಈಗ ಅವರಿಗಿಂತ ದೊಡ್ಡವನು. ನನ್ನ ವಯಸ್ಸಿಗೆ ಬರುವ ಮೊದಲೇ ಅವರು ಸಭೆ, ಶಾಲೆ, ಗ್ರಂಥಾಲಯ, ಮೃಗಾಲಯಗಳನ್ನು ಬಿಟ್ಟು ಹೋಗಿದ್ದರು. ನಾನು ಬಿಟ್ಟುಹೋಗುವಂಥದ್ದು ಸದ್ಯಕ್ಕೆ ಒಂದಿಷ್ಟು ಸಾಲು ಸಾಫ್ಟ್‌ವೇರ್ ಕೋಡ್ ಮಾತ್ರ. ಅದೂ ಕಂಪನಿಯ ಹೆಸರಿನಲ್ಲಿದೆ.

ಹಿರಿಯ ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಣಿವಿಲಾಸ ಸನ್ನಿಧಾನ ಎಂಬ ಹೆಸರಿನಲ್ಲಿ 1902ರವರೆಗೆ ರಾಜಪ್ರತಿನಿಧಿಯಾಗಿ ರಾಜ್ಯ ನಡೆಸಿದರು. ಗಂಡ ಆರಂಭಿಸಿದ ಯಾವುದನ್ನೂ ಅವರು ಕೈಬಿಡಲಿಲ್ಲ. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರೂ ಬಿಡಲಿಲ್ಲ. ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದಾಗ ಜಗತ್ತೇ ಮೈಸೂರಿನತ್ತ ತಿರುಗಿತು. ಅದೇ 1909ರಲ್ಲಿ ಮೃಗಾಲಯಕ್ಕೆ ಚಾಮರಾಜೇಂದ್ರರ ಹೆಸರಿಟ್ಟರು. ಮಗನ ಕಾಲದಲ್ಲಿ ರೇಸಿನ ಬಯಲೂ ಬೆಳೆಯಿತು. ಕಟ್ಟಿದವನು ಹೋದ ಮೇಲೂ ಇವೆಲ್ಲ ಉಳಿದದ್ದು ಕಾಯುವವರು ಇದ್ದುದರಿಂದ.

ಸ್ವಾತಂತ್ರ್ಯದ ನಂತರ ರಾಜರ ರಾಜ್ಯ ಜನರ ರಾಜ್ಯವಾಯಿತು. 1950ರಲ್ಲಿ ಯಾವುದು ಮಹಾರಾಜರ ಸ್ವಂತ ಆಸ್ತಿ, ಯಾವುದು ಸರ್ಕಾರದ್ದು ಎಂದು ಪಟ್ಟಿಯಾಯಿತು. ಆದರೂ ಮೈಸೂರಿನ ಸುತ್ತಲಿನ ಅನೇಕ ಜಾಗಗಳ ವ್ಯಾಜ್ಯ ಮುಗಿಯಲಿಲ್ಲ. ಬೆಂಗಳೂರು ಅರಮನೆಗೆ 1996ರಲ್ಲಿ, ಮೈಸೂರು ಅರಮನೆಗೆ 1998ರಲ್ಲಿ ಸ್ವಾಧೀನ ಕಾಯ್ದೆಗಳು ಬಂದವು. ಅವೂ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಮೈಸೂರಿನ ರೇಸ್ ಕೋರ್ಸಿನ ನೆಲ ಸರ್ಕಾರದ್ದು, ಕ್ಲಬ್ಬಿಗೆ ಅದು ಗುತ್ತಿಗೆಯಲ್ಲಿ ಸಿಕ್ಕಿದ್ದು. ಅಂದರೆ ನನ್ನ ಮೂವರು ಗೆಳೆಯರಲ್ಲಿ ಯಾರೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ಬೆಂಗಳೂರಿನ ರೇಸ್ ಕೋರ್ಸಿನ ಗುತ್ತಿಗೆ 2009ರ ಕೊನೆಗೆ ಮುಗಿದು, ಊರ ನಡುವಿನ ಆ ಜಾಗ ಏನಾಗಬೇಕೆಂಬ ಜಗಳ ನ್ಯಾಯಾಲಯಕ್ಕೆ ಹೋಯಿತು. ಓಟವನ್ನು ಊರ ಹೊರಗೆ ಕಳಿಸಿ ಉದ್ಯಾನ ಮಾಡಿ ಎನ್ನುವವರಿದ್ದಾರೆ, ಪರಂಪರೆ ಉಳಿಸಿ ಎನ್ನುವವರಿದ್ದಾರೆ. ಎರಡು ಕಡೆಯವರೂ ಬಯಲು ಬಯಲಾಗಿಯೇ ಇರಲಿ ಎನ್ನುವುದಾದರೆ ನನಗೆ ಅಷ್ಟು ಸಾಕು. ಒಮ್ಮೆ ಕಟ್ಟಡ ಎದ್ದ ಮೇಲೆ ಬಯಲನ್ನು ಯಾರೂ ವಾಪಸು ತಂದುಕೊಡಲಾರರು.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಚಾಮರಾಜೇಂದ್ರರ ಪ್ರತಿಮೆಯೊಂದಿದೆ. ಕುದುರೆಯ ಮೇಲೆ ಕುಳಿತಿದ್ದಾರೆ. ರಜೆಯ ದಿನ ಮಗಳನ್ನು ಕರೆದುಕೊಂಡು ಹೋದಾಗ ಅವಳು ಆ ಕುದುರೆ ಯಾರದು ಎಂದು ಕೇಳಿದಳು. ರಾಜರದು ಎಂದೆ. ಈ ತೋಟ ಯಾರದು ಎಂದಳು. ನಮ್ಮೆಲ್ಲರದು ಎಂದೆ. ಅವಳಿಗೆ ಉತ್ತರ ಹಿಡಿಸಿತು. ನನಗೆ ಮಾತ್ರ ನಮ್ಮ ಶಾಲೆಯ ಮೈದಾನ ನೆನಪಾಯಿತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಮಳೆಗಾಲ ಮುಗಿದು ಖೋ ಖೋ ಅಂಕಣಕ್ಕೆ ಸುಣ್ಣ ಹಾಕಲು ಹೋದರೆ, ಮೈದಾನದ ಮೂಲೆಯಲ್ಲಿ ಚಿರೇಕಲ್ಲಿನ ರಾಶಿ ಬಿದ್ದಿತ್ತು. ಪಕ್ಕದ ಜಾಗ ಕೊಂಡವರು ಕಂಪೌಂಡು ಕಟ್ಟಲು ತಂದದ್ದು. ಗೋಡೆ ಏಳುವಾಗ ನಮ್ಮ ಓಟದ ಪಥದ ಒಂದು ತಿರುವು ಅದರ ಆಚೆಗೆ ಹೋಯಿತು. ದೈಹಿಕ ಶಿಕ್ಷಣದ ಮಾಸ್ತರು ಬೇಡವೆಂದರು. ಕಾಗದ ತೋರಿಸಿ ಎಂದು ಅವರು ಕೇಳಿದರು. ತೋರಿಸಲು ಕಾಗದ ಇರಲಿಲ್ಲ. ಆ ವರ್ಷದಿಂದ ನಾವು ಮೂಲೆಯಲ್ಲಿ ಗಕ್ಕನೆ ತಿರುಗಿ ಓಡುವುದನ್ನು ಕಲಿತೆವು. ಈಗಿನ ಮಕ್ಕಳು ಪಥ ಇರುವುದೇ ಹೀಗೆ ಎಂದುಕೊಂಡಿದ್ದಾರೆ.

ಈ ಲೇಖನ ಬರೆಯುವ ಮುನ್ನ ನಾನು ಮೈದಾನದ ಪಹಣಿ ತೆಗೆಸಿ ನೋಡಿದೆ. ಶಾಲೆ ಆರಂಭವಾದಾಗ ಆ ಗದ್ದೆಯನ್ನು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಹಿರಿಯರ ಹೆಸರೇ ಅದರಲ್ಲಿ ಇಂದಿಗೂ ಇದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಮೊಮ್ಮಗನನ್ನು ಹುಡುಕಿ ಮಾತಾಡಿದೆ. ಅಜ್ಜ ಕೊಟ್ಟದ್ದು ಶಾಲೆಯದೇ, ಯಾವಾಗ ಕರೆದರೂ ಬಂದು ರುಜು ಹಾಕುತ್ತೇನೆ, ಐವತ್ತು ವರ್ಷದಲ್ಲಿ ಯಾರೂ ಕೇಳಲಿಲ್ಲ ಎಂದರು. ನನಗೆ ನಾಚಿಕೆಯಾಯಿತು. ಕೊಟ್ಟವರು ಕೊಟ್ಟಿದ್ದಾರೆ. ಪಡೆದ ನಾವು ಪಡೆದದ್ದಕ್ಕೆ ಒಂದು ಸಾಲು ಬರೆಸಿಕೊಂಡಿಲ್ಲ.

ಆಗಬೇಕಾದ ಕೆಲಸ ಕಷ್ಟದ್ದಲ್ಲ. ಸರ್ವೆಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ ನಕ್ಷೆ ಪಡೆಯಬೇಕು. ಕುಟುಂಬದ ಹಕ್ಕುದಾರರೆಲ್ಲ ಸೇರಿ ಶಿಕ್ಷಣ ಇಲಾಖೆಯ ಹೆಸರಿಗೆ ದಾನಪತ್ರ ನೋಂದಣಿ ಮಾಡಿಕೊಡಬೇಕು. ಪಹಣಿಯಲ್ಲಿ ಹೆಸರು ಬದಲಾಗಬೇಕು. ನಾಲ್ಕು ಮೂಲೆಗೆ ಗಡಿಕಲ್ಲು ನೆಡಬೇಕು. ಮುಖ್ಯೋಪಾಧ್ಯಾಯರ ಜೊತೆ, ಎಸ್‌ಡಿಎಂಸಿಯವರ ಜೊತೆ ಮಾತಾಡಿದ್ದೇನೆ. ಖರ್ಚನ್ನು ನಮ್ಮ ಬ್ಯಾಚಿನವರು ಹಾಕಿಕೊಳ್ಳುತ್ತೇವೆ. ಓಡಾಡಲು ಊರಿನಲ್ಲಿ ಇರುವ ಹಳೆಯ ವಿದ್ಯಾರ್ಥಿಗಳ ಸಹಾಯ ಬೇಕು. ಗೋಡೆಯಾಚೆ ಹೋದ ತಿರುವು ಮರಳಿ ಬರುತ್ತದೋ ಇಲ್ಲವೋ ಅಳತೆಯೇ ಹೇಳಲಿ. ಯಾರ ಜೊತೆಗೂ ಜಗಳ ಬೇಡ. ಉಳಿದದ್ದು ಇನ್ನು ಒಂದು ಮೊಳವೂ ಕಡಿಮೆಯಾಗಬಾರದು.

ಪ್ರೀತಿಯ ವಿದ್ಯಾರ್ಥಿಗಳೇ, ಚಾಮರಾಜೇಂದ್ರ ಒಡೆಯರ ಕೈಗೆ ರಾಜ್ಯ ಬಂದದ್ದು ಷರತ್ತಿನ ಮೇಲೆ. ಅವರು ಬದುಕಿದ್ದೂ ಬಹಳ ಕಡಿಮೆ. ಆದರೂ ತನ್ನ ಕೈಯಲ್ಲಿರುವುದು ತನ್ನ ನಂತರದವರದು ಎಂದು ತಿಳಿದು ನಡೆದರು. ನಿಮ್ಮ ಕೈಗೂ ಈ ಮೈದಾನ ಹಾಗೆಯೇ ಬಂದಿದೆ. ಮೂರು ವರ್ಷ ಅದರಲ್ಲಿ ಓಡಿ ನೀವು ಹೊರಟುಹೋಗುತ್ತೀರಿ, ನಾವು ಹೋದ ಹಾಗೆ. ಈ ಸುವರ್ಣ ವರ್ಷ ಮುಗಿಯುವುದರೊಳಗೆ ಪಹಣಿಯಲ್ಲಿ ಶಾಲೆಯ ಹೆಸರು ಬಂದರೆ, ಮುಂದಿನ ಸಂಚಿಕೆಗೆ ಅದರ ನಕಲು ಪ್ರತಿಯನ್ನು ಕಳಿಸಿಕೊಡುತ್ತೇನೆ. ಮಾಸ್ತರೇ, ಅದನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿಸಿ.